ಹಡಗಿಗೆ ನಮ್ಮ ಬಾಟಲಿ

ಹಡಗಿನ ಪ್ರವಾಸ ಮುಗಿಸಿ ಊರಿಗೆ ಬಂದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. ಕಾಫಿ ಕ್ಯೂರಿಂಗ್ ಹತ್ತಿರ ಸಿಕ್ಕವರೂ ಅದನ್ನೇ ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕ ಕೂತವರೂ ಅದನ್ನೇ ಕೇಳುತ್ತಾರೆ. "ಹಡಗಿಗೆ ನಮ್ಮ ಎಣ್ಣೆ ನಾವೇ ತಗೊಂಡು ಹೋಗಬಹುದಾ?" ಗಂಡಸರು ನೇರವಾಗಿ ಕೇಳುತ್ತಾರೆ. ಹೆಂಗಸರು "ನಮ್ಮನೆಯವರು ಕೇಳ್ತಿದ್ರು" ಅಂತ ಶುರು ಮಾಡುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಇಲ್ಲಿ ಬರೆದಿಡುತ್ತೇನೆ.

ಮೊದಲು ನೇರ ಉತ್ತರ. ವಿಸ್ಕಿ, ರಮ್ಮು, ಬ್ರಾಂದಿ, ಬಿಯರು ಒಯ್ಯುವಂತಿಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್ ತರಹದ ದೊಡ್ಡ ಕಂಪನಿಗಳು ವಯಸ್ಸಿಗೆ ಬಂದ ಒಬ್ಬರಿಗೆ 750 ಎಂಎಲ್‌ನ ಒಂದು ವೈನ್ ಬಾಟಲಿ ಒಯ್ಯಲು ಬಿಡುತ್ತವೆ. ಅದೂ ಹಡಗು ಹತ್ತುವ ಮೊದಲ ದಿನ ಮಾತ್ರ. ಸೀಲ್ ಒಡೆದಿರಬಾರದು. ಕೈಚೀಲದಲ್ಲೇ ಇರಬೇಕು, ಕೂಲಿಯವರ ಕೈಗೆ ಕೊಡುವ ದೊಡ್ಡ ಸೂಟ್‌ಕೇಸಲ್ಲಿ ಅಲ್ಲ. ನಮ್ಮ ಮುಂಬೈಯಿಂದ ಹೊರಡುವ ಕಾರ್ಡೇಲಿಯಾದಂಥ ಹಡಗಿಗೆ ಹೊರಗಿನ ಮದ್ಯ ಯಾವುದೂ ಇಲ್ಲ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಹಾಗಾಗಿ ಟಿಕೆಟ್ ಮಾಡುವ ಮೊದಲು ಆ ಕಂಪನಿಯದ್ದೇ ನಿಯಮ ಓದಿಕೊಳ್ಳಿ.

ಇಷ್ಟೇ ಆಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ನಮ್ಮದು ತೋಟದ ನಡುವಿನ ಹೋಂಸ್ಟೇ. ಬಾಟಲಿ ಹಿಡಿದು ಬರುವವರನ್ನು ಬಾಗಿಲಲ್ಲಿ ನಿಂತು ಒಳಗೆ ಕರೆಯುವವಳು ನಾನು. ನಮಗೆ ಲೈಸೆನ್ಸ್ ಇಲ್ಲ, ಮದ್ಯ ಮಾರುವಂತಿಲ್ಲ. ಬಂದವರೇ ತರುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರಿಂದ ಬರುವ ಕಾರುಗಳ ಡಿಕ್ಕಿಯಲ್ಲಿ ಬಟ್ಟೆಯ ಬ್ಯಾಗಿಗಿಂತ ಮೊದಲು ಐಸ್ ಬಾಕ್ಸ್ ಕಾಣುತ್ತದೆ. ಒಳ್ಳೆಯವರೇ ಜಾಸ್ತಿ. ಕಡುಬು ಕೋಳಿಸಾರು ಉಂಡು, ಬೆಂಕಿ ಮುಂದೆ ಕೂತು ಹಾಡಿ, ಬೆಳಗ್ಗೆ ಲೋಟ ತೊಳೆದಿಟ್ಟು ಹೋಗುವವರು. ಆದರೆ ಒಂದು ಗುಂಪು ಸಾಕು, ಕಾಫಿ ಗಿಡದ ಬುಡದಲ್ಲಿ ಗಾಜಿನ ಚೂರು ಬೀಳುವುದಕ್ಕೆ. ಕೊಯ್ಲಿನ ದಿನ ಬರಿಗಾಲಲ್ಲಿ ಗಿಡದ ಅಡಿ ಬಗ್ಗಿ ಹಣ್ಣು ಹೆಕ್ಕುವವರಿಗೆ ಅದು ಚುಚ್ಚುತ್ತದೆ. ಆಗ ಕುಡಿದವರು ಬೆಂಗಳೂರಲ್ಲಿರುತ್ತಾರೆ. ಮುಳ್ಳಯ್ಯನಗಿರಿಗೆ ಹೋಗುವ ದಾರಿಯ ಕೈಮರದ ಚೆಕ್‌ಪೋಸ್ಟಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾರಲ್ಲ, ಅದಕ್ಕೆ ಬೈಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಬೆಟ್ಟದ ಮೇಲೆ ಬಾಟಲಿ ಒಡೆದಿದ್ದನ್ನು ಅವರು ನೋಡಿಲ್ಲ.

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಹೊತ್ತಲ್ಲಿ ಸಿಂಗಾಪುರದಿಂದ ಹೊರಡುವ ಹಡಗಿಗೆ ಹೋಗುವುದು ಅಂತ ಆಯಿತು. ನಾನು, ನಮ್ಮನೆಯವರು, ಭಾವ, ಅಕ್ಕ. ಭಾವ ಅಂದರೆ ನಮ್ಮನೆಯವರ ಅಣ್ಣ, ಅಕ್ಕ ಅವರ ಹೆಂಡತಿ. ಹಡಗಲ್ಲಿ ಒಂದು ಪೆಗ್ಗಿಗೆ ಎಷ್ಟು ರೇಟು ಅಂತ ಯಾರೋ ಅವರಿಗೆ ಹೇಳಿದ್ದರು. ಡಾಲರಲ್ಲಿ ಕೇಳಿ ಅವರು ಗಾಬರಿಯಾಗಿದ್ದರು. ಜಗಲಿಯಲ್ಲಿ ಕೂತು ತಮ್ಮ ಯೋಜನೆ ಹೇಳಿದರು. ಶಾಂಪೂ ಬಾಟಲಿ ತೊಳೆದು ಅದರಲ್ಲಿ ವಿಸ್ಕಿ. ಇಲ್ಲದಿದ್ದರೆ ಇದಕ್ಕೆಂದೇ ಸಿಗುವ ಪ್ಲಾಸ್ಟಿಕ್ ಚೀಲ. ಗಾಜು ಇಲ್ಲ, ಮೆತ್ತಗೆ ಮಡಚಿಕೊಳ್ಳುತ್ತದೆ, ಮಷೀನಲ್ಲಿ ಗೊತ್ತಾಗುವುದಿಲ್ಲ ಅಂತ ಅವರ ಲೆಕ್ಕ.

ಭಾವ ಜಿಪುಣರಲ್ಲ. ಅವರಿಗೆ ಒಬ್ಬರೇ ಕೂತು ಕುಡಿದು ಅಭ್ಯಾಸವೂ ಇಲ್ಲ. ಮನೆಗೆ ಯಾರು ಬಂದರೂ ತಾವೇ ಎದ್ದು, ಲೋಟ ಒರೆಸಿ, ಸುರಿದು, ನೀರು ಎಷ್ಟು ಅಂತ ಕೇಳಿ ಕೊಡುವವರು. ಬಂದವರಿಗೆ ತನ್ನ ಕೈಯಾರೆ ಕೊಡಬೇಕು ಅನ್ನುವುದು ಅವರ ಸ್ವಭಾವ. ಪರಊರಲ್ಲಿ, ಪ್ರತಿ ಲೋಟಕ್ಕೂ ಕಾರ್ಡು ಉಜ್ಜುವ ಜಾಗದಲ್ಲಿ, ನಾಲ್ಕು ಜನಕ್ಕೆ ಏನನ್ನೂ ಕೊಡಲಾಗದೆ ಕೂರುವುದು ಅವರಿಗೆ ಸಂಕಟ. ಆ ಸಂಕಟ ನನಗೆ ಅರ್ಥವಾಯಿತು. ಶಾಂಪೂ ಬಾಟಲಿಗೆ ಮಾತ್ರ ನಾನು ಒಪ್ಪಲಿಲ್ಲ.

"ನಮ್ಮನೆಗೆ ಬಂದವರು ಹೀಗೆ ಬಚ್ಚಿಟ್ಕೊಂಡು ತಂದ್ರೆ ನಿಮಗೆ ಹೇಗಾಗುತ್ತೆ ಭಾವ?" ಅಂದೆ.

"ನಮ್ಮನೆ ಬೇರೆ, ಅದು ಕಂಪನಿ ಮಾರಾಯ್ತಿ" ಅಂದರು.

ಈ ಮಾತನ್ನು ಆಮೇಲೆ ತುಂಬಾ ಯೋಚಿಸಿದ್ದೇನೆ. ಕಂಪನಿಯಾದರೆ ಮೋಸ ಮಾಡಬಹುದಾ? ಮಷೀನ್ ಮುಂದೆ ನಿಂತು ಬ್ಯಾಗ್ ಬಿಚ್ಚುವುದು ಕಂಪನಿಯಲ್ಲ. ಅಲ್ಲಿ ನಿಲ್ಲುವವರು ಸಂಬಳದ ಜನ. ನಮ್ಮ ತೋಟದ ಕೆಲಸದವರ ಲೈನ್ ಮನೆಯ ಮಕ್ಕಳ ವಯಸ್ಸಿನವರು.

ವೈನ್ ಒಯ್ಯಲು ಬಿಡುವವರು ವಿಸ್ಕಿ ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಲೆಕ್ಕ ಸುಲಭ. ನಮ್ಮ ವಿಸ್ಕಿ ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಬರೆದಿರುತ್ತದೆ. 750 ಎಂಎಲ್ ಬಾಟಲಿಯಲ್ಲಿ 30 ಎಂಎಲ್‌ನ 25 ಪೆಗ್ ಬರುತ್ತದೆ. ಅಷ್ಟೇ ದೊಡ್ಡ ವೈನ್ ಬಾಟಲಿಯಲ್ಲಿ ಸಾಮಾನ್ಯವಾಗಿ 12, 13 ಪರ್ಸೆಂಟ್ ಆಸುಪಾಸು, ಲೋಟ ಲೆಕ್ಕದಲ್ಲಿ ಐದೇ ಐದು. ಬಾರಲ್ಲಿ ಸುರಿಯುವವನಿಗೆ ಯಾರು ಎಷ್ಟು ಕುಡಿದರು ಅಂತ ಕಣ್ಣಿಗೆ ಕಾಣುತ್ತದೆ, ಸಾಕು ಅನ್ನಬಹುದು. ಕ್ಯಾಬಿನ್ ಬಾಗಿಲು ಹಾಕಿಕೊಂಡು ಬಾಟಲಿ ಬಗ್ಗಿಸುವವನಿಗೆ ಸಾಕು ಅನ್ನುವವರು ಯಾರು? ಕ್ಯಾಬಿನ್ನಿಗೆ ಒಂದು ಬಾಲ್ಕನಿ, ಬಾಲ್ಕನಿ ಕೆಳಗೆ ಸಮುದ್ರ. ಸಾವಿರಾರು ಜನ ಇರುವ ಹಡಗು ಅದು. 2012ರ ಜನವರಿಯಲ್ಲಿ ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿ 32 ಜನ ಸತ್ತರು. ಅಲ್ಲಿ ತಪ್ಪು ಕ್ಯಾಪ್ಟನ್‌ನದ್ದು, ಪ್ರಯಾಣಿಕರ ಕುಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅದಾದ ಮೇಲೆ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಎಲ್ಲರಿಗೂ ಸುರಕ್ಷತೆಯ ಪಾಠ ಆಗಬೇಕು ಅಂತ ನಿಯಮ ಬಂತು. ಸೈರನ್ ಆದಾಗ ತನ್ನ ಜಾಗಕ್ಕೆ ತಾನೇ ನಡೆದು ಹೋಗುವಷ್ಟು ಎಚ್ಚರ ಎಲ್ಲರಿಗೂ ಬೇಕು.

ಭಾನುವಾರದ ಸಂತೆ ಮುಗಿಸಿ ರಸ್ತೆ ಬದಿ ಮಲಗಿದವರನ್ನು ಎತ್ತಿ ಮನೆಗೆ ಸೇರಿಸುವುದು ಏನು ಅಂತ ತೋಟದಲ್ಲಿ ಬದುಕುವ ನಮಗೆ ಗೊತ್ತು. ಅದಕ್ಕೇ ನಿಯಮದ ಈ ಭಾಗದ ಬಗ್ಗೆ ನನಗೆ ಕಂಪನಿ ಮೇಲೆ ಸಿಟ್ಟಿಲ್ಲ.

ನನಗೂ ಒಂದು ಆಸೆ ಇತ್ತು. ನಾನು ಮಾಡಿದ ನೆಲ್ಲಿಕಾಯಿ ವೈನ್ ಒಯ್ಯಬೇಕು ಅಂತ. ಬೆಟ್ಟದ ನೆಲ್ಲಿಕಾಯಿ ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಬಟ್ಟೆಯಲ್ಲಿ ಒರೆಸಿ, ಬೀಜ ಬಿಡಿಸಿ ಭರಣಿಗೆ ಹಾಕುತ್ತೇನೆ. ಮೇಲೆ ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಿಟಿಕೆ ಯೀಸ್ಟ್. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಇಡುವುದು. ದಿನಾ ಬೆಳಗ್ಗೆ ಮರದ ಸೌಟಲ್ಲಿ ತಿರುಗಿಸಬೇಕು. ಮೂರ್ನಾಲ್ಕು ದಿನಕ್ಕೆ ಬಟ್ಟೆ ಬಿಚ್ಚಿದರೆ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳುತ್ತದೆ, ಗುಳ್ಳೆ ಏಳುತ್ತಿರುತ್ತವೆ. ಮೂರು ವಾರಕ್ಕೆ ಸೋಸಿ, ಮತ್ತೆ ತಿಳಿಯಾಗಲು ಬಿಡುವುದು. ಮನೆಗೆ, ನೆಂಟರಿಗೆ ಅಂತ ಮಾಡುವುದೇ ಹೊರತು ಮಾರುವುದಿಲ್ಲ. ಮಲೆನಾಡಲ್ಲಿ ಇದು ಬಾಣಂತಿ ಖಾರದಷ್ಟೇ ಮನೆಮಾತು. ಒಬ್ಬೊಬ್ಬರ ಕೈರುಚಿ ಒಂದೊಂದು. ಕೆಲವರು ದ್ರಾಕ್ಷಿ, ಕೆಲವರು ಶುಂಠಿ, ಕೆಲವರು ವೀಳ್ಯದೆಲೆ.

ಆದರೆ ಅದು ಹಡಗಿಗೆ ಹೋಗುವುದಿಲ್ಲ. ಅಂಗಡಿಯ ಸೀಲ್ ಇಲ್ಲ, ಒಳಗೆ ಏನಿದೆ, ಎಷ್ಟು ಖಡಕ್ ಇದೆ ಅಂತ ಹೇಳುವ ಚೀಟಿ ಇಲ್ಲ. ಪೂರ್ತಿ ಹುದುಗಿ ಮುಗಿಯದ ವೈನನ್ನು ಬಿಗಿಯಾಗಿ ಮುಚ್ಚಿದರೆ ಗ್ಯಾಸ್ ತುಂಬಿ ಬಾಟಲಿ ಸಿಡಿಯುವುದೂ ಉಂಟು. ವಿಮಾನದ ಹೊಟ್ಟೆಯಲ್ಲಿ ಬಟ್ಟೆ ನಡುವೆ ಅದು ಸಿಡಿಯುವುದು ಯಾರಿಗೂ ಬೇಡ. ವಿಮಾನದ ನಿಯಮವನ್ನೂ ಇಲ್ಲೇ ಹೇಳಿಬಿಡುತ್ತೇನೆ. 24ರಿಂದ 70 ಪರ್ಸೆಂಟ್ ಒಳಗಿನ ಮದ್ಯವನ್ನು, ಅಂಗಡಿಯ ಸೀಲ್ ಇರುವ ಬಾಟಲಿಯಲ್ಲೇ, ಚೆಕ್-ಇನ್ ಬ್ಯಾಗಲ್ಲಿ ಒಬ್ಬರು 5 ಲೀಟರ್‌ವರೆಗೆ ಒಯ್ಯಬಹುದು. 70 ದಾಟಿದ್ದು ಬೇಡವೇ ಬೇಡ. ಕೈಚೀಲದಲ್ಲಿ 100 ಎಂಎಲ್ ಮೇಲೆ ಯಾವ ದ್ರವವೂ ಇಲ್ಲ, ಡ್ಯೂಟಿ ಫ್ರೀಯವರು ಸೀಲ್ ಮಾಡಿಕೊಟ್ಟಿದ್ದು ಬಿಟ್ಟು.

ಕೊನೆಗೆ ನಂದಿ ಬೆಟ್ಟದ ಕಡೆಯ ದ್ರಾಕ್ಷಿಯ ಕೆಂಪು ವೈನ್ ಎರಡು ಬಾಟಲಿ ಬೆಂಗಳೂರಲ್ಲಿ ಕೊಂಡೆವು. ಭಾವ ಅದಕ್ಕೂ ಒಂದು ಟವೆಲ್ ಸುತ್ತಿ ಇಟ್ಟರು. ಶಾಂಪೂ ಬಾಟಲಿಯಲ್ಲಿ ಶಾಂಪೂನೇ ಹೋಯಿತು.

ಸಿಂಗಾಪುರದ ಮರೀನಾ ಬೇ ಹಡಗು ನಿಲ್ದಾಣ ವಿಮಾನ ನಿಲ್ದಾಣದ ಹಾಗೇ ಇದೆ. ಅದೇ ಸಾಲು, ಅದೇ ಟ್ರೇ, ಅದೇ ಮಷೀನ್. ನಮ್ಮ ಬಾಟಲಿಗಳನ್ನು ನಾನು ಮೊದಲೇ ಹೊರಗೆ ತೆಗೆದು ಟ್ರೇಯಲ್ಲಿ ಅಡ್ಡ ಇಟ್ಟೆ. ಅವರು ಸೀಲ್ ನೋಡಿದರು, ತಲೆಯಾಡಿಸಿದರು, ಆಯಿತು. ನಮ್ಮ ಮುಂದೆ ಇದ್ದ ಕುಟುಂಬದ್ದು ಹಾಗಾಗಲಿಲ್ಲ. ಮಗುವಿನ ಬಟ್ಟೆಗಳ ನಡುವೆ ಎರಡು ನೀರಿನ ಬಾಟಲಿ. ಕೆಲಸದ ಹುಡುಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಮುಚ್ಚಳದ ಉಂಗುರ ನೋಡಿದಳು. ಆಮೇಲೆ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಏನೂ ಅನ್ನಲಿಲ್ಲ. ಪಕ್ಕದ ಮೇಜಿನ ಮೇಲೆ ಇಟ್ಟಳು. ಆ ಮಗುವಿನ ತಾಯಿ ನೆಲ ನೋಡುತ್ತಾ ನಿಂತಿದ್ದರು. ಬಟ್ಟೆಗಳನ್ನೆಲ್ಲ ಮತ್ತೆ ಮಡಚಿ ತುಂಬುವಾಗ ಅವರ ಕೈ ನಡುಗುತ್ತಿತ್ತು. ತಂದಿದ್ದು ಅವರೋ ಗಂಡನೋ ಗೊತ್ತಿಲ್ಲ. ಬಟ್ಟೆ ಮಡಚಿದ್ದು ಅವರು, ನಾಚಿಕೆ ಪಟ್ಟಿದ್ದೂ ಅವರು. ಹಿಂದೆ ಉದ್ದದ ಸಾಲು ಕಾಯುತ್ತಾ ನಿಂತಿತ್ತು.

ಇಂಥದ್ದರಿಂದಲೇ 2015ರಲ್ಲಿ ಕಾರ್ನಿವಲ್ ಕಂಪನಿ ಪ್ರಯಾಣಿಕರು ಬಾಟಲಿ ನೀರು ತರುವುದನ್ನೇ ನಿಲ್ಲಿಸಿತು. ನೀರು, ಸೋಡಾ ಬೇಕಿದ್ದರೆ ಡಬ್ಬಿಯಲ್ಲೋ ರಟ್ಟಿನ ಪೊಟ್ಟಣದಲ್ಲೋ ತನ್ನಿ ಅಂತು. ನೀರಿನ ಬಾಟಲಿಯಲ್ಲಿ ಮದ್ಯ ತುಂಬಿ ತರುವವರು ಜಾಸ್ತಿಯಾಗಿದ್ದರು. ಒಂದೊಂದನ್ನೂ ಮೂಸಿ ನೋಡುತ್ತಾ ಕೂತರೆ ಸಾಲು ಮುಂದೆ ಹೋಗುವುದಿಲ್ಲ. ಕೆಲವರು ಬಚ್ಚಿಟ್ಟಿದ್ದಕ್ಕೆ ಮಕ್ಕಳಿಗೆ ಅಂತ ನೀರು ತರುವ ತಾಯಂದಿರೂ ನೀರು ಬಿಡಬೇಕಾಯಿತು.

ನಮ್ಮ ವೈನನ್ನು ಮೊದಲ ರಾತ್ರಿಯೇ ಊಟದ ಮೇಜಿಗೆ ಒಯ್ದೆವು. ಕ್ಯಾಬಿನ್ನಲ್ಲೇ ಕುಡಿದರೆ ಏನೂ ಕೊಡಬೇಕಿಲ್ಲ. ಊಟದ ಹಾಲಿನಲ್ಲಿ ತೆಗೆದರೆ ಕಾರ್ಕೇಜ್ ಅಂತ ಬಾಟಲಿಗೆ 15 ಡಾಲರ್ ಆಸುಪಾಸು ಕೊಡಬೇಕು, ನಮ್ಮ ದುಡ್ಡಲ್ಲಿ ಸಾವಿರದ ಮೇಲೆ. ಸುಮ್ನೆ ಯಾಕೆ ದಂಡ, ರೂಮಲ್ಲೇ ಕುಡಿಯೋಣ ಅಂದರು ನಮ್ಮನೆಯವರು. ಭಾವ ಒಪ್ಪಲಿಲ್ಲ. "ಮೇಜಲ್ಲಿ ಕೂತು ಎಲ್ಲರಿಗೂ ಕೊಡ್ಬೇಕು" ಅಂದರು. ನನಗೆ ಅವರ ಮಾತೇ ಸರಿ ಅನ್ನಿಸಿತು. ಆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ಬಡಿಸಲು ಬಂದ ಹುಡುಗ ನಮ್ಮ ಮಾತು ಕೇಳಿ ನಿಂತ. "ಅಮ್ಮ, ನೀವು ಘಟ್ಟದ ಮೇಲಿನವರಾ?" ಅಂದ. ಕಾರ್ಕಳದ ಕಡೆಯವನು. ಚಾರ್ಮಾಡಿ ಘಾಟಿ ಇಳಿದರೆ ಇವನ ಊರು ನಮಗೆ ಏನು ಮಹಾ ದೂರ? ಬಾಟಲಿಯ ಚೀಟಿಯಲ್ಲಿ ಕರ್ನಾಟಕದ ಹೆಸರು ಓದಿ ಅವನ ಮುಖ ಅರಳಿತು. ಭಾವ ತಕ್ಷಣ ಅವನಿಗೂ ಒಂದು ಲೋಟ ಸುರಿಯಲು ಹೋದರು. ಅವನು ಕೈಮುಗಿದು ಬೇಡ ಅಂದ. ಡ್ಯೂಟಿಯಲ್ಲಿ ಮುಟ್ಟುವಂತಿಲ್ಲ. ಸುರಕ್ಷತೆಯ ಕೆಲಸ ಇರುವ ಹಡಗಿನ ಸಿಬ್ಬಂದಿಯ ರಕ್ತದಲ್ಲಿ ಆಲ್ಕೋಹಾಲ್ 0.05 ಪರ್ಸೆಂಟ್ ದಾಟಬಾರದು ಅಂತ ಬಹುತೇಕ ದೇಶಗಳು ಒಪ್ಪಿಕೊಂಡ ನಿಯಮ ಇದೆ. ಕಂಪನಿಗಳು ಇನ್ನೂ ಬಿಗಿ ಮಾಡುವುದುಂಟು. ನಮಗೆ ತಿಂಗಳುಗಟ್ಟಲೆ ಸುರಿದು ಕೊಡುವ ಹುಡುಗರು ತಾವು ಅಳತೆಯಲ್ಲೇ ಇರಬೇಕು.

ಮಾರನೇ ದಿನ ಅವನು ಒಂದು ವಿಷಯ ಹೇಳಿದ. ಬಾರಲ್ಲಿ ಕುಡಿದವರಿಂದ ಅಷ್ಟು ತೊಂದರೆ ಇಲ್ಲವಂತೆ. ರೂಮಲ್ಲಿ ಬಚ್ಚಿಟ್ಟು ಕುಡಿದವರದ್ದೇ ಕಷ್ಟ. ಎಷ್ಟು ಕುಡಿದಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೇಲೆ ಬಂದು ಇನ್ನೊಂದು ಕೇಳುತ್ತಾರೆ, ಬಾರಿನವನು ಮೊದಲನೆಯದ್ದು ಅಂತ ಕೊಡುತ್ತಾನೆ. ಆಮೇಲೆ ಮೆಟ್ಟಿಲಲ್ಲಿ ಬೀಳುತ್ತಾರೆ. ವಿಚಾರಣೆ ಆದಾಗ ಕೊನೆಯ ಲೋಟ ಕೊಟ್ಟವನನ್ನು ಕರೆಯುತ್ತಾರೆ. ನನ್ನ ಕಾಫಿ ಗಿಡದ ಬುಡದ ಗಾಜೇ ಕಣ್ಣ ಮುಂದೆ ಬಂತು.

ಇಷ್ಟು ಹೇಳಿದ ಮೇಲೆ ಕಂಪನಿಗಳ ಕಡೆಗೂ ಹೇಳಬೇಕು. ಇದು ಬರೀ ಸುರಕ್ಷತೆಯ ಮಾತಲ್ಲ, ದುಡ್ಡಿನ ಮಾತೂ ಹೌದು. ದೊಡ್ಡ ಹಡಗು ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಬರುವುದು ಟಿಕೆಟಿನಿಂದಲ್ಲ, ಹಡಗಿನ ಮೇಲೆ ನಾವು ಮಾಡುವ ಖರ್ಚಿನಿಂದ. ಮದ್ಯ, ಕ್ಯಾಸಿನೋ, ತಿರುಗಾಟ, ಇಂಟರ್ನೆಟ್. ಟಿಕೆಟ್ ಅಗ್ಗ ಕಾಣುವುದು ಅದಕ್ಕೇ. ವ್ಯಾಪಾರ ಮಾಡಲಿ, ಬೇಡ ಅನ್ನುವುದಿಲ್ಲ. ಹೇಳಿ ಮಾಡಲಿ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ "ಎಲ್ಲಾ ಸೇರಿ" ಅಂದಿದ್ದರು. ಆ ಎಲ್ಲಾ ಅನ್ನುವುದರಲ್ಲಿ ಮದ್ಯ ಇರಲಿಲ್ಲ, ಬಾಟಲಿ ನೀರೂ ಇರಲಿಲ್ಲ. ಪ್ರತಿ ಲೋಟದ ಬಿಲ್ಲಿಗೆ 18 ಪರ್ಸೆಂಟ್ ಸರ್ವಿಸ್ ಚಾರ್ಜ್ ಮೇಲೆ ಬೀಳುತ್ತದೆ ಅಂತಲೂ ಹೇಳಿರಲಿಲ್ಲ. ಹಡಗಲ್ಲಿ ದಿನದ ಲೆಕ್ಕದ ಪ್ಯಾಕೇಜ್ ಇದೆ. ಆದರೆ ಒಂದು ಕ್ಯಾಬಿನ್ನಲ್ಲಿ ಒಬ್ಬರು ತಗೊಂಡರೆ ಅದೇ ಕ್ಯಾಬಿನ್ನಿನ ವಯಸ್ಕರೆಲ್ಲ ತಗೊಳ್ಳಬೇಕು. ನಮ್ಮ ಅಕ್ಕ ಮದ್ಯ ಮುಟ್ಟುವವರೇ ಅಲ್ಲ. ಭಾವ ಎರಡು ಪೆಗ್ ಕುಡಿಯಲಿಕ್ಕೆ ಅಕ್ಕನಿಗೂ ಪೂರ್ತಿ ದುಡ್ಡು ಕಟ್ಟಬೇಕಾ? ಒಂದೇ ಪ್ಯಾಕೇಜಲ್ಲಿ ಇಬ್ಬರು ಕುಡಿದುಬಿಡುತ್ತಾರೆ ಅನ್ನುವ ಅನುಮಾನಕ್ಕೆ ಮಾಡಿದ ನಿಯಮ ಅದು. ಕುಡಿಯದ ಹೆಂಗಸರ ಹೆಸರಲ್ಲಿ ದುಡ್ಡು ಕಟ್ಟಿಸುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಕಾರ್ನಿವಲ್‌ನ ಪ್ಯಾಕೇಜಲ್ಲಿ ದಿನಕ್ಕೆ 15 ಲೋಟದ ಮಿತಿ ಇದೆ. ಸುರಕ್ಷತೆ ಅಂತ ನಮ್ಮ ಬಾಟಲಿ ಎತ್ತಿಡುವವರು 15 ಅನ್ನುವ ಸಂಖ್ಯೆಗೂ ಒಂದು ಉತ್ತರ ಕೊಡಬೇಕು, ಅಲ್ವಾ?

ಹಡಗು ಲಂಕಾವಿಯಲ್ಲಿ ನಿಂತಾಗ ಭಾವ ಮತ್ತೆ ಆಸೆಪಟ್ಟರು. ಮಲೇಷ್ಯಾದ ಆ ದ್ವೀಪ ಮದ್ಯಕ್ಕೆ ಸುಂಕ ಇಲ್ಲದ ಜಾಗ, ವಿಸ್ಕಿ ತುಂಬಾ ಅಗ್ಗ. ಕೊಳ್ಳಬಹುದು, ಆದರೆ ಹಡಗಿಗೆ ಹತ್ತುವಾಗ ತೆಗೆದಿಟ್ಟುಕೊಂಡು ಚೀಟಿ ಕೊಡುತ್ತಾರೆ. ಬಾಟಲಿ ಕೈಗೆ ಸಿಗುವುದು ಕೊನೆಗೆ. ಹಡಗಿನ ಅಂಗಡಿಯಲ್ಲೇ ಕೊಂಡರೂ ಅಷ್ಟೇ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಿಂಗಾಪುರಕ್ಕೆ ಮಲೇಷ್ಯಾದಿಂದ ಬರುವವರಿಗೆ ಮದ್ಯದ ಮೇಲೆ ತೆರಿಗೆ ವಿನಾಯಿತಿ ಇಲ್ಲ. ಸಿಂಗಾಪುರದ ಹೊರಗೆ 48 ಗಂಟೆ ಇರದವರಿಗೂ ಇಲ್ಲ. ಅಲ್ಲಿನ ತೆರಿಗೆ ಶುದ್ಧ ಆಲ್ಕೋಹಾಲ್ ಲೀಟರಿಗೆ 88 ಸಿಂಗಾಪುರ ಡಾಲರ್. 40 ಪರ್ಸೆಂಟಿನ ಒಂದು ಲೀಟರ್ ವಿಸ್ಕಿಗೆ 35 ಡಾಲರ್ ಚಿಲ್ಲರೆ, ಅದರ ಮೇಲೆ ಜಿಎಸ್‌ಟಿ. ಅಂಗಡಿಯಲ್ಲಿ ನಿಂತು ಈ ಲೆಕ್ಕ ಹಾಕಿ ತೋರಿಸಿದೆ. ಭಾವ ಬಾಟಲಿ ಕೆಳಗಿಟ್ಟರು. ಮನೆಗೆ ಬೇಕು ಅನ್ನುವವರು ಊರಿಗೆ ವಾಪಸ್ ಬರುವಾಗ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲೇ ಕೊಳ್ಳಿ. ನಮ್ಮ ದೇಶಕ್ಕೆ ಒಬ್ಬರು 2 ಲೀಟರ್ ತರಬಹುದು.

ಹಡಗಿಗೂ ಮದ್ಯಕ್ಕೂ ಈ ಜಗ್ಗಾಟ ಹೊಸದಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ನಾವಿಕರಿಗೆ ದಿನಾ ಅಳತೆಯಲ್ಲಿ ರಮ್ ಕೊಡುವ ಪದ್ಧತಿ ನಿಂತಿದ್ದು 1970ರ ಜುಲೈ 31ಕ್ಕೆ. ಅಮೆರಿಕದ ನೌಕಾಪಡೆ 1914ರಲ್ಲೇ ಹಡಗಿನಲ್ಲಿ ಮದ್ಯ ನಿಲ್ಲಿಸಿತ್ತು. ಆಮೇಲೆ 1920ರಿಂದ 1933ರವರೆಗೆ ಆ ದೇಶದಲ್ಲೇ ಪಾನನಿಷೇಧ ಇದ್ದಾಗ, ಕುಡಿಯಲಿಕ್ಕೆ ಅಂತಲೇ ಜನ ಬೇರೆ ದೇಶದ ಹಡಗು ಹತ್ತಿ ಸಮುದ್ರದ ಗಡಿ ದಾಟಿ ಸುತ್ತಿ ಬರುತ್ತಿದ್ದರು. ಇದನ್ನು ಓದಿದಾಗ ನನಗೆ ಹೊಳೆದಿದ್ದು ಒಂದೇ. ಯಾವ ಕಾಲದಲ್ಲೂ ಹಡಗಿನಲ್ಲಿ ಅಳತೆ ಹಿಡಿದವರು ಬೇರೆ ಯಾರೋ. ಮನೆಯಲ್ಲಿ ಮಾತ್ರ ಅದು ನಮ್ಮ ಕೈಯಲ್ಲಿರುತ್ತದೆ.

ಬಂದ ಮೇಲೆ ಹೋಂಸ್ಟೇಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಬುಕ್ ಮಾಡಲು ಫೋನ್ ಮಾಡಿದವರಿಗೆ ನಾನೇ ಮೊದಲು ಹೇಳುತ್ತೇನೆ. ನಿಮ್ಮದು ತರಬಹುದು, ಜಗಲಿಯಲ್ಲಿ ಕೂರಬಹುದು. ತೋಟಕ್ಕೆ, ಹಳ್ಳದ ಹತ್ತಿರಕ್ಕೆ ಗಾಜು ಬೇಡ. ಖಾಲಿ ಬಾಟಲಿ ಇಲ್ಲೇ ಗೋಣಿಚೀಲಕ್ಕೆ. ಹನ್ನೊಂದರ ಮೇಲೆ ಗಲಾಟೆ ಬೇಡ. ಊಟಕ್ಕೆ ಎಷ್ಟು, ಬೆಂಕಿ ಹಾಕಿಸಲು ಎಷ್ಟು, ಎಲ್ಲ ಆಗಲೇ ಹೇಳಿ ಮೆಸೇಜ್ ಕೂಡ ಕಳಿಸುತ್ತೇನೆ. ಕೆಲವರು ಕೇಳಿ ಬೇರೆ ಕಡೆ ಹೋಗುತ್ತಾರೆ. ಹೋಗಲಿ. ಬಂದವರು ಬಾಟಲಿಯನ್ನು ಮೇಜಿನ ಮೇಲೆ ಇಟ್ಟು "ಆಂಟಿ, ಅಂಕಲ್ಲೂ ಬರಲಿ" ಅನ್ನುತ್ತಾರೆ. ಆಗ ನಾನೂ ಭರಣಿಯಿಂದ ಒಂದು ಜಗ್ ನೆಲ್ಲಿಕಾಯಿ ವೈನ್ ತಂದಿಡುತ್ತೇನೆ.

ಈಗ ಮತ್ತೊಂದು ಹಡಗಿನ ಮಾತು ನಡೆದಿದೆ, ಮುಂಬೈಯಿಂದ ಲಕ್ಷದ್ವೀಪದ ಕಡೆ ಹೋಗುವುದು. ಅಲ್ಲಿ ಬಂಗಾರಂ ಬಿಟ್ಟು ಎಲ್ಲ ದ್ವೀಪಗಳಲ್ಲೂ ಪಾನನಿಷೇಧ, ದಡಕ್ಕೆ ಏನನ್ನೂ ಒಯ್ಯುವಂತಿಲ್ಲ. ಈ ಸಲ ಏಜೆಂಟಿಗೆ ಫೋನ್ ಮಾಡಿದ್ದು ಭಾವನೇ. ಲಗ್ನಪತ್ರಿಕೆ ಹಿಂದೆ ಪ್ರಶ್ನೆ ಬರೆದುಕೊಂಡು ಕೂತಿದ್ದರು. ಒಂದು ಪೆಗ್ಗಿಗೆ ತೆರಿಗೆ, ಸರ್ವಿಸ್ ಸೇರಿ ಎಷ್ಟು? ಪ್ಯಾಕೇಜ್ ತಗೊಂಡರೆ ಕುಡಿಯದವರೂ ಕಟ್ಟಬೇಕಾ? ಕುಡಿಯುವ ನೀರಿಗೆ ದುಡ್ಡಾ? ಆ ಕಡೆಯವರು "ಅದೆಲ್ಲಾ ಹಡಗಲ್ಲಿ ಗೊತ್ತಾಗುತ್ತೆ ಸರ್" ಅಂದರಂತೆ. ಬರೆದು ಕಳಿಸಿ, ಆಮೇಲೆ ಅಡ್ವಾನ್ಸ್ ಅಂತ ಭಾವ ಫೋನ್ ಇಟ್ಟಿದ್ದಾರೆ. ಇನ್ನೂ ಬಂದಿಲ್ಲ. ಬರುವವರೆಗೆ ನಾವೂ ದುಡ್ಡು ಕೊಡುವುದಿಲ್ಲ.